ಕೆಂಪು ಕಾಗದದ ಬ್ಲೇಡು

ಹೊಸದಾಗಿ ಗಡ್ಡ ಬಂದವರಿಗೆ ಕೆಂಪು ಕಾಗದದ ಬ್ಲೇಡು ಕೊಡಬಾರದು, ಹಸಿರು ಕಾಗದದ್ದನ್ನೇ ಕೊಡಬೇಕು. ನಮ್ಮ ಅಂಗಡಿಯಲ್ಲಿ ಅಪ್ಪನ ಕಾಲದಿಂದ ನಡೆದುಬಂದ ಕ್ರಮ ಇದು. ಕೆಂಪು ಕಾಗದದ್ದು ವಿಪರೀತ ಹರಿತ, ತಾಗಿದ್ದು ಗೊತ್ತಾಗುವ ಮೊದಲೇ ಕೊಯ್ದಿರುತ್ತದೆ. ಹಸಿರು ಕಾಗದದ್ದು ಸ್ವಲ್ಪ ಮೊಂಡು, ಕೈ ಆಚೀಚೆ ಆದರೂ ಅಂಥದ್ದೇನೂ ಆಗುವುದಿಲ್ಲ. ನಾನೂ ಇಷ್ಟು ವರ್ಷ ಹೀಗೆಯೇ ಹೇಳಿ ಮಾರಿಕೊಂಡು ಬಂದಿದ್ದೆ. ಹೇಳುವಾಗಲೆಲ್ಲ ಒಳಗೊಳಗೇ ಅಳುಕುತ್ತಿತ್ತು. ಏಕೆಂದರೆ ನಲವತ್ತು ದಾಟಿದರೂ ನನಗೆ ಒಮ್ಮೆಯೂ ಗಡ್ಡ ಬಂದಿರಲಿಲ್ಲ. ರೇಜರನ್ನು ಎಷ್ಟು ಓರೆಯಾಗಿ ಹಿಡಿಯಬೇಕು, ನೊರೆ ಎಷ್ಟು ದಪ್ಪಗಿರಬೇಕು ಎಂದು ನಾನು ಗಿರಾಕಿಗಳಿಗೆ ಹೇಳಿಕೊಡುತ್ತಿದ್ದುದೆಲ್ಲ ಅಪ್ಪನಿಂದ ಕೇಳಿದ್ದು, ಅಣ್ಣನನ್ನು ನೋಡಿ ಕಲಿತದ್ದು. ಸಾಲದ್ದಕ್ಕೆ ನಾನು ಸಂಜೆ ಶಾಲೆಯಲ್ಲಿ ಓದಿದವನು. ಅಲ್ಲಿನ ಮೇಷ್ಟ್ರು ಯಾವ ಪ್ರಶ್ನೆ ಕೊಟ್ಟರೂ ಎರಡೂ ಕಡೆಯ ವಾದ ಬರೆಯಿಸುತ್ತಿದ್ದರು. ಆ ಅಭ್ಯಾಸ ಮೈಗೆ ಹತ್ತಿಬಿಟ್ಟಿದೆ. ಒಬ್ಬರಿಗೆ ಹಸಿರು ಕಾಗದದ ಪೊಟ್ಟಣ ಕಟ್ಟಿಕೊಟ್ಟು ಕಳಿಸಿದ ಮೇಲೆ, ಇವರಿಗೆ ಕೆಂಪೇ ಸರಿಯಿತ್ತೇನೋ ಎಂದು ಮಧ್ಯಾಹ್ನದವರೆಗೂ ಕೊರೆಯುತ್ತಿರುತ್ತದೆ.

ನಮ್ಮ ಊರಿನಲ್ಲಿ ಮನೆಗೊಂದೇ ಗಡ್ಡ. ಅದು ಇವತ್ತು ಗಂಡನ ಮುಖದಲ್ಲಿದ್ದರೆ ನಾಳೆ ಹೆಂಡತಿಯ ಮುಖದಲ್ಲಿರಬಹುದು, ಅಜ್ಜಿಗೆ ಬರಬಹುದು, ಸೊಸೆಗೆ ಬರಬಹುದು. ಬಂದವರು ದಿನವೂ ತಮ್ಮ ಕೈಯಾರೆ ತೆಗೆದುಕೊಳ್ಳಬೇಕು, ಬೇರೆಯವರು ಮುಟ್ಟುವ ಹಾಗಿಲ್ಲ. ಕ್ಷೌರ ಮಾಡಿಕೊಳ್ಳುವಾಗ ಗಾಯವಾಗಿ ರಕ್ತ ಕಂಡಿತೋ, ಮರುದಿನ ಬೆಳಗಾಗುವಷ್ಟರಲ್ಲಿ ಗಡ್ಡ ಆ ಮುಖ ಬಿಟ್ಟು ಮನೆಯ ಇನ್ನೊಬ್ಬರಿಗೆ ಹೋಗಿರುತ್ತದೆ. ಗಡ್ಡ ಯಾರಿಗಿದೆಯೋ ಮನೆಯಲ್ಲಿ ಅವರದೇ ಮಾತು. ಗಡ್ಡ ಹೊಸದಾಗಿ ಬಂದವರು ಮಾತ್ರ ಮೊದಲ ಕ್ಷೌರವನ್ನು ಬೀದಿಗೆ ಕಾಣುವಂತೆ ಜಗಲಿಯ ಮೇಲೆ ಕೂತು ಮಾಡಿಕೊಳ್ಳಬೇಕು. ಅದು ಗಾಯವಿಲ್ಲದೆ ಮುಗಿದರೆ ಆಮೇಲೆ ಅವರು ಹೇಳಿದ್ದು ನಡೆಯುತ್ತದೆ. ಇದರಿಂದಾಗಿ ನಮ್ಮ ಊರಿನಲ್ಲಿ ನೆಂಟರನ್ನು ರಾತ್ರಿ ಉಳಿಸಿಕೊಳ್ಳುವ ರೂಢಿ ಇಲ್ಲ. ಗಡ್ಡವಿದ್ದವರು ಕರೆದು, ಕರೆಸಿಕೊಂಡವರು ಒಂದು ರಾತ್ರಿ ಮಲಗಿದರೆ ಸಾಕು, ಅವರೂ ಮನೆಯವರೇ ಆಗಿಬಿಡುತ್ತಾರೆ. ಮತ್ತೆ ಹೊರಗೆ ಹಾಕುವಂತಿಲ್ಲ. ಗಡ್ಡ ಅವರಿಗೂ ಹೋಗಬಹುದು. ಹಬ್ಬಕ್ಕೆ ಬಂದವರು ದೀಪ ಹಚ್ಚುವ ಮೊದಲೇ ಚಪ್ಪಲಿ ಹುಡುಕುತ್ತಾರೆ.

ನಮ್ಮ ಮನೆಯಲ್ಲಿದ್ದವರು ಮೂವರು. ಅಣ್ಣ ತಿಪ್ಪೇಶಪ್ಪ, ಅತ್ತಿಗೆ ಹಾಲಮ್ಮ, ನಾನು ಭುಜಂಗ. ಅಪ್ಪ ತೀರಿಕೊಂಡ ಮೇಲೆ ಗಡ್ಡ ನೇರವಾಗಿ ಅಣ್ಣನಿಗೆ ಬಂದು ಅಲ್ಲೇ ನಿಂತಿತ್ತು. ಅಣ್ಣನ ಕೈ ಅಷ್ಟು ಪಳಗಿದ್ದು. ಕನ್ನಡಿ ಇಲ್ಲದೆಯೂ ತೆಗೆದುಕೊಳ್ಳುತ್ತಿದ್ದ. ಅಂಥವನು ಆ ದಿನ ಗಾಯ ಮಾಡಿಕೊಂಡದ್ದು ಜಗಳದಿಂದ. ಅತ್ತಿಗೆಯ ತಾಯಿ ಗುರುಬಸಜ್ಜಿ ಊರ ಕೆಳಗಿನ ಛತ್ರದಲ್ಲಿದ್ದರು. ಕಣ್ಣು ಮಂಜಾಗಿತ್ತು. ಹಿಂದಿನ ದಿನ ಬಚ್ಚಲಿನಲ್ಲಿ ಜಾರಿ ಬಿದ್ದು ಯಾರೂ ನೋಡದೆ ಬಹಳ ಹೊತ್ತು ಅಲ್ಲೇ ಇದ್ದರಂತೆ. ಅತ್ತಿಗೆ ಬಿಸಿನೀರಿನ ಚೊಂಬು ತಂದಿಡುತ್ತ, "ನಮ್ಮವ್ವನ್ನ ಇಲ್ಲಿಗೆ ಕರ್ಕೊಂಬರಾನ ಕಣ್ರೀ," ಎಂದರು. ಎಷ್ಟನೆಯ ಸಲವೋ ಏನೋ. ಅಣ್ಣ ಕತ್ತಿನ ಹತ್ತಿರ ರೇಜರ್ ಇಟ್ಟುಕೊಂಡಿದ್ದವನು ಹಾಗೇ ತಿರುಗಿ, "ಆಗಲ್ಲ ಅಂದ್ರೆ ಆಗಲ್ಲ!" ಎಂದು ಕೂಗಿದ. ಕೂಗಿದ ರಭಸಕ್ಕೆ ಗಂಟಲಮಣಿ ಮೇಲೆ ಹೋಯಿತು. ನೊರೆಯಲ್ಲಿ ಕೆಂಪು ಕಾಣಿಸಿತು. ಮರುದಿನ ಬೆಳಿಗ್ಗೆ ಅತ್ತಿಗೆ ಒಲೆ ಹಚ್ಚಲು ಕೂತಾಗ ಅವರ ಗಲ್ಲದ ತುಂಬ ಅಣ್ಣನ ಗಡ್ಡ, ತೆಂಗಿನ ನಾರಿನಂತೆ ಒರಟಾಗಿ, ನಿಗುರಿ ನಿಂತಿತ್ತು. ಅವರು ಸೆರಗಿನಿಂದ ಮುಚ್ಚಿಕೊಳ್ಳಲಿಲ್ಲ. "ಚಾ ಆಗೈತೆ ಬಾ," ಎಂದು ದಿನದಂತೆಯೇ ನನ್ನನ್ನು ಕರೆದರು.

ನಾನು ಅಂಗಡಿಯ ಬಾಗಿಲು ತೆಗೆಯುವ ಮೊದಲೇ ಅಣ್ಣ ಹಿಂದೆ ಬಂದ. ಕೆನ್ನೆ ನುಣ್ಣಗಾಗಿ ಅವನು ಚಿಕ್ಕವನಂತೆ ಕಾಣುತ್ತಿದ್ದ.

"ನಿಮ್ಮತ್ತಿಗೆಗೆ ಬ್ಲೇಡು ಯಾವುದು ಕೊಡ್ತೀಯ?"

"ಯೋಚನೆ ಮಾಡ್ತಿದ್ದೆ."

"ನೀನು ಯೋಚನೆ ಮಾಡ್ತಾ ಕೂತ್ರೆ ಅವಳ ಗಡ್ಡ ಮೊಣಕಾಲಿಗೆ ಬರ್ತೈತೆ. ಕೆಂಪು ಕಾಗದದ್ದು ಕೊಡು. ಒಂದು ಎಳೆತಕ್ಕೇ ಮುಗೀತೈತೆ. ನಾಳೆ ವಾಪಸ್ ನನಗೆ ಬರ್ತೈತೆ."

ನಾನು ಬೀಗದ ಕೈ ತಿರುಗಿಸಿದೆ. ಅವನು ಮೆಟ್ಟಿಲ ಮೇಲೆ ಕೂತುಕೊಂಡ. "ನನ್ನ ಕೆಟ್ಟವನು ಅನ್ಕಬೇಡ ಕಣೋ. ಅಪ್ಪ ಬದುಕಿದ್ದಾಗ ಅವನೇ ಕರೆದು ಚಿಕ್ಕಪ್ಪ ಬಂದು ಒಂದು ರಾತ್ರಿ ಮಲಗಿದ್ದು ನಿನಗೆ ನೆನಪಿಲ್ಲ, ನೀನು ಕೂಸು. ಗಡ್ಡ ಅವನಿಗೆ ಹೋಯ್ತು. ಅದು ಅವನ ಮುಖದಾಗೆ ಇದ್ದಷ್ಟು ದಿನದಾಗೆ ಅಂಗಡಿ ಹಿಂದಿನ ಕೋಣೆ ಮಾರಿ, ಅವ್ವನ ತವರಿನ ಕೊಪ್ಪರಿಗೆ ಮಾರಿ, ಗಡ್ಡ ಅಪ್ಪನಿಗೆ ವಾಪಸ್ ಬಂದ ಮೇಲೆ ಹೋದ. ಅವ್ವ ಆಮೇಲೆ ಕೊಪ್ಪರಿಗೆ ಇದ್ದ ಗೋಡೆ ಕಡೆ ಮುಖ ಮಾಡಿ ಅಡಿಗೆ ಮಾಡ್ತಿರಲಿಲ್ಲ. ಇನ್ನೊಂದು ಮುಖ ಮನೆಗೆ ತಂದ್ರೆ ಗಡ್ಡ ಎಲ್ಲಿಗೆ ಹೋಗ್ತೈತೋ ಯಾರು ಕಂಡೋರು?"

ಅವನು ಎದ್ದು ಹೋದ ಮೇಲೆ ನಾನು ಎರಡೂ ಪೊಟ್ಟಣಗಳನ್ನು ಕೈಯಲ್ಲಿ ಹಿಡಿದುಕೊಂಡು ನಿಂತೆ. ಕಷ್ಟವೆಂದರೆ, ಅಣ್ಣ ಕೆಟ್ಟ ಮನಸ್ಸಿನಿಂದ ಹೇಳಿದ ಬ್ಲೇಡೇ ನನಗೆ ಸರಿಯೆನಿಸುತ್ತಿತ್ತು. ನಾರಿನಂಥ ಗಡ್ಡಕ್ಕೆ ಹಸಿರು ಕಾಗದದ್ದು ಕಚ್ಚಿಕೊಳ್ಳುತ್ತದೆ. ಕಚ್ಚಿಕೊಂಡಾಗ ಹೊಸಬರು ಒತ್ತುತ್ತಾರೆ. ಒತ್ತಿದಾಗಲೇ ಗಾಯವಾಗುವುದು. ಹಸಿರು ಒಯ್ದು ರಕ್ತ ನಿಲ್ಲಲು ಗಲ್ಲಕ್ಕೆ ಸ್ಫಟಿಕ ಹಚ್ಚಿಕೊಂಡು ಬಂದ ಎಷ್ಟೋ ಜನರನ್ನು ನಾನು ಕಂಡಿದ್ದೆ. ಅವರ ಕೈಯದೇ ತಪ್ಪು ಎಂದು ಸಮಾಧಾನ ಹೇಳಿ ಕಳಿಸುತ್ತಿದ್ದೆ. ಕೆಂಪು ಕಾಗದದ್ದಾದರೆ ಒತ್ತುವ ಅಗತ್ಯವೇ ಇರುವುದಿಲ್ಲ. ಇನ್ನೊಂದು ಕಡೆಯಿಂದ ನೋಡಿದರೆ, ಅತ್ತಿಗೆಯದು ರೊಟ್ಟಿ ಬಡಿದ ಕೈ, ಕಡಾಯಿ ತಿಕ್ಕಿದ ಕೈ. ಒತ್ತುವುದು ಅದಕ್ಕೆ ಸಹಜ. ಕೆಂಪು ಕಾಗದದ್ದನ್ನು ಕಡಾಯಿ ತಿಕ್ಕಿದ ಹಾಗೆ ತಿಕ್ಕಿದರೆ? ಗಾಯವಾದರೆ ನಾನು ಅಣ್ಣನ ಮಾತು ಕೇಳಿ ಕೊಟ್ಟೆ ಎಂದು ಅವರು ತಿಳಿಯುವುದಿಲ್ಲವೇ? ಜೀವನವಿಡೀ ಅವರ ಕೈ ಅನ್ನ ತಿಂದವನು ನಾನು.

ಕೊನೆಗೆ ಎರಡನ್ನೂ ಒಯ್ದು ಅವರ ಮುಂದಿಟ್ಟೆ. ಅಣ್ಣ ಹೇಳಿದ್ದನ್ನೂ ಮುಚ್ಚಿಡಲಿಲ್ಲ. ಅವರು ನಕ್ಕರು. ಗಡ್ಡದೊಳಗೆ ನಗು ಬೇರೆಯೇ ಥರ ಕಂಡಿತು.

"ಅವರು ಹಂಗೆ ಹೇಳದಿದ್ರೇ ಆಶ್ಚರ್ಯ. ಅದಿರಲಿ, ನೀನೇನಂತೀಯ?"

"ಕೆಂಪು ಕಾಗದದ್ದು ಎಳೆಯೋದಿಲ್ಲ ಅತ್ಗೆ. ಆದ್ರೆ ಕೈ ಹಗುರ ಇರಬೇಕು. ಹಸಿರಿನದು ಎಳೀತದೆ, ಆದ್ರೆ ಹೊಸಬರಿಗೆ ಅದೇ ವಾಸಿ ಅಂತಾರೆ."

"ಯಾರಂತಾರೆ?"

"ಅಪ್ಪ ಅಂತಿದ್ದ. ಎಲ್ಲಾರೂ ಅಂತಾರೆ."

"ನಾನು ಕೇಳಿದ್ದು ನಿನ್ನ. ಊರೋರಿಗೆಲ್ಲ ಅಂಗಡೀಲಿ ಕೂತು ಬುದ್ಧಿ ಹೇಳ್ತೀಯ. ನನಗೆ ಒಂದು ಮಾತು ಹೇಳೋಕೆ ನಿನಗೆ ಬಾಯಿಲ್ಲೇನಪ್ಪ?"

ಕೆಂಪು ಎನ್ನಲು ಹೊರಟವನು, "ಹಸಿರೇ ಇರಲಿ," ಎಂದುಬಿಟ್ಟೆ. ಗಾಯವಾದರೂ ನನ್ನ ಮೇಲೆ ಮಾತು ಬರದ ಉತ್ತರ ಅದು. ಅವರು ಹಸಿರು ಪೊಟ್ಟಣ ಬಿಚ್ಚಿದರು.

ಜಗಲಿಯ ಮೇಲೆ ಮಣೆ ಹಾಕಿ ಕನ್ನಡಿ ಇಟ್ಟಾಗ ಬೀದಿಯವರೆಲ್ಲ ಆಗಲೇ ಸೇರಿದ್ದರು. ಎದುರು ಮನೆಯ ದರ್ಜಿ ಚೌಡಪ್ಪ ತನ್ನ ಹೊಲಿಗೆ ಮಿಷಿನ್ನನ್ನೇ ಬಾಗಿಲಿಗೆ ಎಳೆದುಕೊಂಡು ಕೂತಿದ್ದ. ಅವನ ಮನೆಯ ಗಡ್ಡ ಅವನ ಅತ್ತೆಗೆ ಬಂದು ಬಹಳ ವರ್ಷವಾಗಿದೆ. ಆದ್ದರಿಂದ ಬೇರೆಯವರ ಗಡ್ಡದ ಬಗ್ಗೆ ಮಾತಾಡಲು ಅವನಿಗೆ ಉತ್ಸಾಹ ಜಾಸ್ತಿ.

"ಹಾಲಕ್ಕ, ನೊರೆ ಸಾಕು! ದೋಸೆ ಹುಯ್ತೀಯೇನು?"

"ಹುಯ್ದ್ರೆ ನಿನಗೂ ಒಂದು ಕೊಡ್ತೀನಿ, ಬಾಯಿ ಮುಚ್ಕೊಂಡಿರು," ಎಂದರು ಅತ್ತಿಗೆ.

ಹೆಂಗಸರು ನಕ್ಕರು. ಬಲಗೆನ್ನೆ ಸಲೀಸಾಗಿ ಆಯಿತು. ಎಡಗೆನ್ನೆಯಲ್ಲಿ ಒಂದೆರಡು ಕಡೆ ಎಳೆಯಿತು, ಅವರ ಕಣ್ಣಲ್ಲಿ ನೀರು ಬಂತು. ಆದರೂ ದಾಟಿತು. ನಾನು ಬಾಗಿಲಿಗೆ ಒರಗಿ ಉಗುರು ಕಚ್ಚುತ್ತಿದ್ದೆ. ಗಲ್ಲದ ಕೆಳಗೆ ಬಂದಾಗ ರೇಜರ್ ನಿಂತಿತು. ಕೂದಲಲ್ಲಿ ಸಿಕ್ಕಿಕೊಂಡದ್ದು ನನಗೆ ಶಬ್ದದಿಂದಲೇ ಗೊತ್ತಾಯಿತು. ಒತ್ತಬೇಡಿ, ಒತ್ತಬೇಡಿ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಅತ್ತಿಗೆಯ ಮಣಿಕಟ್ಟು ಬಿಗಿಯಾಯಿತು, ಕಡಾಯಿಯ ತಳಕ್ಕೆ ಅಂಟಿಕೊಂಡ ಸೀಕಲನ್ನು ಕೆರೆಯುವಾಗ ಆಗುವ ಹಾಗೆ. ಅವರು ಒತ್ತಿದರು.

ನೊರೆ ಕೆಂಪಾಯಿತು. ಚೌಡಪ್ಪ ಮಿಷಿನ್ನಿನ ಚಕ್ರಕ್ಕೆ ಕೈಯಿಟ್ಟು ನಿಲ್ಲಿಸಿದ. ಅಣ್ಣ ಒಳಗಿನಿಂದ ಸ್ಫಟಿಕದ ಕಲ್ಲು ತಂದು, ನೀರಲ್ಲಿ ಅದ್ದಿ, ತಾನೇ ಬಗ್ಗಿ ಅವರ ಗಲ್ಲಕ್ಕೆ ಒತ್ತಿಹಿಡಿದ. "ಉರೀತೈತಾ? ಸ್ವಲ್ಪ ತಡ್ಕೊ," ಎಂದ. ಗೆದ್ದವನ ದನಿಯಾಗಿರಲಿಲ್ಲ ಅದು. ಅತ್ತಿಗೆ ಕನ್ನಡಿಯನ್ನು ಬೋರಲು ಹಾಕಿದರು. ನನ್ನ ಕಡೆ ನೋಡಿ, "ನಿಂದೇನೂ ತಪ್ಪಿಲ್ಲ ಬಿಡು, ನಾನೇ ಅವಸರ ಮಾಡಿದೆ," ಎಂದರು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

ಮಾರನೆಯ ಬೆಳಿಗ್ಗೆ ಅಣ್ಣ ಬೇಗ ಎದ್ದು ಕೆನ್ನೆ ಸವರಿಕೊಳ್ಳುತ್ತ ನಡುಮನೆಗೆ ಬಂದ. ಒಂದು ಸಲ ಸವರಿದ, ಇನ್ನೊಂದು ಸಲ ಸವರಿದ. ನುಣ್ಣಗಿತ್ತು. ಅತ್ತಿಗೆ ಅಡಿಗೆಮನೆಯಿಂದ ಬಂದರು. ಅವರ ಗಲ್ಲದಲ್ಲಿ ಸ್ಫಟಿಕದ ಬಿಳಿ ಗುರುತು ಬಿಟ್ಟರೆ ಏನೂ ಇರಲಿಲ್ಲ. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಆಮೇಲೆ ಹಾಸಿಗೆ ಸುತ್ತುತ್ತಿದ್ದ ನನ್ನನ್ನು ನೋಡಿದರು. ನನಗೆ ಏನೋ ಮುಖಕ್ಕೆ ಕಂಬಳಿ ಅಂಟಿಕೊಂಡಿದೆ ಅನಿಸುತ್ತಿತ್ತು. ಕೀಳಲು ಹೋದೆ. ಬರಲಿಲ್ಲ. ನೋವಾಯಿತು.

"ಅಯ್ಯೋ ಶಿವನೇ," ಎಂದ ಅಣ್ಣ. "ಇವನಿಗಾ?"

ನನಗೂ ಅದೇ ಅನಿಸಿತ್ತು. ಗಡ್ಡಕ್ಕೆ ನನ್ನ ಮುಖ ಹಿಡಿಸುವುದಿಲ್ಲ ಎಂದು ನಾವೆಲ್ಲ ಎಷ್ಟು ನಂಬಿದ್ದೆವೆಂದರೆ, ಲೆಕ್ಕಕ್ಕೇ ನನ್ನನ್ನು ತೆಗೆದುಕೊಂಡಿರಲಿಲ್ಲ. ಅಣ್ಣ ನನ್ನ ಪಕ್ಕ ಕೂತು ಭುಜದ ಮೇಲೆ ಕೈಹಾಕಿದ. ಅಪ್ಪ ತೀರಿಕೊಂಡ ದಿನ ಹಾಕಿದ್ದ, ಆಮೇಲೆ ಆವತ್ತೇ.

"ನೋಡು ಭುಜಂಗ, ನಿನಗ್ಯಾಕೆ ಬೇಕು ಈ ತಲೆಬೇನೆ? ನಾಳೆ ನೀರಿನ ಪಾಳಿಗೆ ಹೋಗಿ ಜಗಳ ಮಾಡೋನು ನೀನೇ ಆಗ್ತೀಯ. ಗಿರಾಕಿಗೆ ಎದುರು ಮಾತಾಡೋಕೆ ಆಗಲ್ಲ ನಿನಗೆ. ಕೂತ್ಕೊ, ನೊರೆ ಹಚ್ಕೊ, ಎಲ್ಲಾದ್ರೂ ಒಂಚೂರು ತಗುಲಿಸ್ಕೊ. ಸಾಸಿವೆಯಷ್ಟು. ಅಷ್ಟೇ. ಯಾರೂ ಏನೂ ಅನ್ನಲ್ಲ. ಹೊಸಬ ಅಂತಾರೆ."

ಆ ಮಾತು ನನಗೆ ಎಷ್ಟು ಹಿತವಾಗಿ ಕೇಳಿಸಿತೆಂದು ಹೇಳಲಾರೆ. ಸಾಸಿವೆಯಷ್ಟು ರಕ್ತ ಸುರಿಸಿದರೆ ಎಲ್ಲವೂ ಹಿಂದಿನಂತೆಯೇ ಇರುತ್ತದೆ. ನಾನು ಅಂಗಡಿಯಲ್ಲಿ ಕೂತು ಎರಡೂ ಕಡೆಯಿಂದ ಯೋಚಿಸುತ್ತಿರಬಹುದು. ಅತ್ತಿಗೆ ಬಿಸಿನೀರಿನ ಚೊಂಬನ್ನು ನನ್ನ ಮುಂದೆ ಇಟ್ಟರು. ಗಂಡನ ಮಾತಿಗೆ ಎದುರಾಡಲಿಲ್ಲ. "ನಿನಗೆ ಹೆದರಿಕೆ ಆದ್ರೆ ಬಿಡಪ್ಪ," ಎಂದರು ನನಗೆ. "ನಮ್ಮವ್ವ ಛತ್ರದಾಗೆ ಇಷ್ಟು ದಿನ ಇದ್ದಂಗೆ ಇನ್ನೂ ಇರ್ತಾಳೆ. ಅವಳಿಗೆ ಅಭ್ಯಾಸ ಆಗೈತೆ." ಹಾಗೆಂದು ಹೇಳಿ, ಚೊಂಬಿನ ಹೊರಗಿನ ನೀರನ್ನು ಸೆರಗಿನಿಂದ ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು.

ನಾನು ಅಂಗಡಿಗೆ ಹೋಗಿ ಕೆಂಪು ಕಾಗದದ ಬ್ಲೇಡು ತಂದೆ.

"ಹೊಸಬ ಕಣೋ ನೀನು!" ಎಂದ ಅಣ್ಣ. ತಗುಲಿಸಿಕೋ ಎಂದವನೇ ಈಗ ಗಾಬರಿಯಾಗಿದ್ದ. "ಹಸಿರು ತಗೊ. ಕೆಂಪಿನಾಗೆ ಸಾಸಿವೆಯಷ್ಟು ಅಂದ್ರೆ ಅರ್ಧ ಗಲ್ಲ ಹೋಗ್ತೈತೆ!"

ಜಗಲಿಯ ಮೇಲೆ ಅದೇ ಮಣೆ, ಅದೇ ಕನ್ನಡಿ. ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯನ್ನು ಮುಖಕ್ಕೆ ಹಾಕಿಕೊಂಡು ಬಹಳ ಹೊತ್ತು ಕೂತೆ. ಗಿರಾಕಿಗಳಿಗೆ ಹಾಗೆ ಮಾಡಿ ಎಂದು ಹೇಳುತ್ತಿದ್ದೆ. ಅವರು ಮಾಡುತ್ತಿದ್ದರೋ ಇಲ್ಲವೋ. ಬಟ್ಟೆಯೊಳಗೆ ಕತ್ತಲಾಗಿ, ಬೆಚ್ಚಗಿತ್ತು. ಅಲ್ಲೇ ಇದ್ದುಬಿಡೋಣ ಅನಿಸಿತು.

"ಏನು ಭುಜಂಗಣ್ಣ, ನಿದ್ದೆ ಬಂತಾ?" ಚೌಡಪ್ಪನ ದನಿ. "ಇಷ್ಟು ವರ್ಷ ನಮಗೆ ಪಾಠ ಹೇಳಿದ್ದೀಯ, ಇವತ್ತು ಪರೀಕ್ಷೆ ಬರೀತೀಯೋ ಇಲ್ವೋ?"

ನೊರೆ ಹಚ್ಚಿಕೊಂಡೆ. ರೇಜರಿನ ಹಿಡಿಯನ್ನು ತುದಿಯಲ್ಲಿ, ಬೆರಳುಗಳ ನಡುವೆ, ಬಿದ್ದೇ ಹೋಗುವಂತೆ ಹಿಡಿದೆ. ಗಟ್ಟಿಯಾಗಿ ಹಿಡಿಯಲು ನನಗೆ ಧೈರ್ಯವಿರಲಿಲ್ಲ. ಕಿವಿಯ ಪಕ್ಕದಲ್ಲಿಟ್ಟು, ಅದರ ಭಾರಕ್ಕೆ ಅದೇ ಇಳಿಯಲಿ ಎಂದು ಬಿಟ್ಟೆ. ಎಳೆಯಲಿಲ್ಲ. ಕಚ್ಚಲಿಲ್ಲ. ಒಣಗಿದ ಹುಲ್ಲಿನ ಮೇಲೆ ಯಾರೋ ಬರಿಗಾಲಲ್ಲಿ ನಡೆದಂಥ ಶಬ್ದ ಬಂತು, ನೊರೆ ಸರಿದು ಕೆನ್ನೆ ಕಂಡಿತು. ಏನೂ ಆಗಿಲ್ಲವೆಂದು ನನಗೆ ನಂಬಿಕೆಯಾಗದೆ ಕನ್ನಡಿಯಲ್ಲಿ ಹತ್ತಿರದಿಂದ ನೋಡಿದೆ.

ಇನ್ನೊಂದು ಎಳೆತ. ಮತ್ತೊಂದು. ಪ್ರತಿ ಸಲವೂ ಈಗ ಕೊಯ್ಯುತ್ತದೆ ಎಂದೇ ಅನಿಸುತ್ತಿತ್ತು. ಅನಿಸಿದ್ದರಿಂದಲೇ ಕೈ ಒತ್ತಲು ಹೋಗಲಿಲ್ಲ. ಹಸಿರು ಕಾಗದದ್ದರಲ್ಲಿ ಜನ ಧೈರ್ಯವಾಗಿ ಒತ್ತುತ್ತಾರೆ, ಏನೂ ಆಗುವುದಿಲ್ಲವೆಂಬ ಭರವಸೆಯಲ್ಲಿ. ಹುಟ್ಟಿದಾಗಿನಿಂದ ಹೆದರಿಕೊಂಡು ಬಂದವನ ಕೈಗೆ ಹಗುರವಾಗಿರುವುದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಹಾಗೆಂದು ನಾಳೆಯಿಂದ ಹೊಸಬರಿಗೆಲ್ಲ ಕೆಂಪು ಕೊಡುತ್ತೇನೆಂದು ಅರ್ಥವಲ್ಲ. ಚೌಡಪ್ಪನಂಥ ಕೈ ಭಾರದ ಮನುಷ್ಯ ಬಂದರೆ ನಾನು ಹಸಿರನ್ನೇ ಕಟ್ಟಿಕೊಡಬೇಕಾದೀತು. ಬ್ಲೇಡು ಕೊಡುವ ಮೊದಲು ಅವರ ಕೈ ನೋಡಬೇಕು. ಅದು ನನಗೆ ಅಲ್ಲಿ ಕೂತಾಗ ಗೊತ್ತಾಯಿತು.

ಗಲ್ಲದ ಕೆಳಗೆ ಬಂತು. ಅತ್ತಿಗೆ ಕೊಯ್ದುಕೊಂಡ ಜಾಗ. ಅಲ್ಲಿ ಕೂದಲು ಅಡ್ಡಡ್ಡ ಬೆಳೆದಿತ್ತು. ಅಣ್ಣ ಹಿಂದಿನಿಂದ ನೋಡುತ್ತಿದ್ದ. ಇಲ್ಲೇ ಒಂಚೂರು ಓರೆ ಮಾಡಿದರೆ ಮುಗಿಯಿತು. ಬೇಕೆಂದೇ ಮಾಡಿದ್ದು ಎಂದು ಯಾರಿಗೂ ತಿಳಿಯುವುದಿಲ್ಲ. ಸತ್ಯ ಹೇಳಬೇಕೆಂದರೆ ನನ್ನ ಬೆರಳು ಅದಕ್ಕೆ ಸಿದ್ಧವಾಗಿಯೂ ಇತ್ತು. ಆಗ ಕನ್ನಡಿಯ ಮೂಲೆಯಲ್ಲಿ ಅತ್ತಿಗೆ ಕಂಡರು. ಅವರು ನನ್ನನ್ನು ನೋಡುತ್ತಿರಲಿಲ್ಲ. ನೋಡಲಾರದೆ ಗೋಡೆಯ ಕಡೆ ತಿರುಗಿ ನಿಂತಿದ್ದರು. ನಾನು ರೇಜರನ್ನು ತೊಳೆದೆ, ಚರ್ಮವನ್ನು ಇನ್ನೊಂದು ಕೈಯಿಂದ ಮೆಲ್ಲಗೆ ಎಳೆದು ಹಿಡಿದೆ, ಕೂದಲು ಬೆಳೆದ ದಿಕ್ಕಿಗೇ ರೇಜರ್ ತಿರುಗಿಸಿ, ಮತ್ತೆ ಅದರ ಭಾರಕ್ಕೆ ಬಿಟ್ಟೆ.

ಮುಖ ತೊಳೆದು ಬಿಳಿ ಬಟ್ಟೆಯಿಂದ ಒರೆಸಿ, ಬಟ್ಟೆಯನ್ನು ಬಿಡಿಸಿ ಬೀದಿಗೆ ತೋರಿಸಿದೆ. ಅದು ಪದ್ಧತಿ. ಒಂದು ಚುಕ್ಕೆಯೂ ಇರಲಿಲ್ಲ. ಚೌಡಪ್ಪ ಎದ್ದು ನಿಂತು, "ಪಾಸು!" ಎಂದು ಕೂಗಿದ. ಒಳಗಿನಿಂದ ಅವನ ಅತ್ತೆ, "ಮಿಷಿನ್ ತುಳಿಯೋ ಸೋಂಬೇರಿ," ಎಂದದ್ದೂ ಕೇಳಿಸಿತು. ಅವನು ತಟ್ಟನೆ ಕೂತ.

ಅಣ್ಣ ನನ್ನ ಮೊದಲ ಮಾತಿಗಾಗಿ ಕಾಯುತ್ತಿದ್ದ. ಮಣೆಯ ಮೇಲಿಂದ ಏಳದೆಯೇ ಹೇಳಿದೆ. "ಗುರುಬಸಜ್ಜಿನ ಕರ್ಕೊಂಡು ಬರ್ತೀನಿ. ಇಲ್ಲೇ ಇರೋಕೆ."

"ಗಡ್ಡ ಆಯಮ್ಮನಿಗೆ ಹೋದ್ರೆ?"

"ಹೋದ್ರೆ ಆಗ ಅವರಿಗೂ ಬ್ಲೇಡು ಆರಿಸಿ ಕೊಡ್ತೀನಿ."

ಅಣ್ಣ ಯಾರನ್ನೂ ನೋಡದೆ, "ಬಚ್ಚಲಿನ ಕಲ್ಲು ಜಾರ್ತೈತೆ. ಇವತ್ತೇ ಉಜ್ಜಬೇಕು," ಎಂದು ಹಿತ್ತಲಿಗೆ ಹೋದ. ಅತ್ತಿಗೆ ಗೋಡೆಯ ಕಡೆ ತಿರುಗಿಯೇ ಇದ್ದರು. ಅವರ ಬೆನ್ನು ಅಲುಗುತ್ತಿತ್ತು. ನಾನು ಚಪ್ಪಲಿ ಮೆಟ್ಟಿಕೊಂಡು ಹೊರಟೆ.

ಛತ್ರದ ಉದ್ದನೆಯ ಪಡಸಾಲೆಯಲ್ಲಿ ಅಜ್ಜಿ ಕಂಬಕ್ಕೆ ಒರಗಿ ಕೂತಿದ್ದರು. ಬಿದ್ದ ಕಡೆಯ ಮೊಣಕೈಗೆ ಅರಿಸಿನದ ಪಟ್ಟಿ ಕಟ್ಟಿದ್ದರು. ಛತ್ರದಲ್ಲಿರುವವರಿಗೆ ಗಡ್ಡ ಬರುವುದಿಲ್ಲ. ಅಲ್ಲಿ ಎಷ್ಟು ವರ್ಷ ಮಲಗಿದರೂ ಅದು ಮನೆಯೆಂದು ಲೆಕ್ಕವಿಲ್ಲ. ನನ್ನ ಹೆಜ್ಜೆಯ ಸದ್ದಿಗೆ ಅವರು ಮುಖ ಎತ್ತಿದರು.

"ಯಾರು, ಭುಜಂಗನಾ? ಏನಪ್ಪ, ಹಬ್ಬ ಏನಾದ್ರೂ ಐತಾ ಇವತ್ತು?"

"ಇಲ್ಲ ಅಜ್ಜಿ. ಮನೆಗೆ ಕರ್ಕೊಂಡು ಹೋಗೋಕೆ ಬಂದೆ."

"ನಮ್ಮ ಹಾಲಮ್ಮಂಗೆ ಹುಷಾರಿಲ್ವಾ?"

"ಚೆನ್ನಾಗಿದ್ದಾರೆ. ಏಳಿ."

ಅವರು ನನ್ನ ಕೈ ಹಿಡಿದು ಎದ್ದರು. ಸೆರಗು ಸರಿಮಾಡಿಕೊಂಡು ಹೊರಡಲು ಸಿದ್ಧರಾದವರು ಅನುಮಾನಿಸುತ್ತ ನಿಂತರು. "ಕತ್ತಲಾಗೋದ್ರೊಳಗೆ ತಂದು ಬಿಡ್ತೀಯಲ್ಲಪ್ಪ? ಇಲ್ಲಿ ಬಾಗಿಲು ಹಾಕ್ಬಿಡ್ತಾರೆ."

ನಾನು ಯಾವಾಗಲೂ ಒಂದು ಮಾತಿಗೆ ಮೊದಲು ಇನ್ನೊಂದು ಮಾತು ಹುಡುಕುವವನು. ಆವತ್ತು ಹುಡುಕಲಿಲ್ಲ.

"ಚಾಪೆ ಸುತ್ತಿಕೊಳ್ಳಿ ಅಜ್ಜಿ," ಎಂದೆ. "ದಿಂಬೂ ತಗೊಳ್ಳಿ."

ಅವರು ನನ್ನ ಮುಖದ ಕಡೆಗೆ ಮಂಜುಗಣ್ಣು ನೆಟ್ಟರು. ಆಮೇಲೆ ನೆಲ ತಡವಿ ಕೂತು, ನಾನು ಬಗ್ಗಿದಾಗ ನನ್ನ ಕೈಯನ್ನು ಪಕ್ಕಕ್ಕೆ ಸರಿಸಿ, ಚಾಪೆಯನ್ನು ಒಂದು ತುದಿಯಿಂದ ತಾವೇ ಬಿಗಿಯಾಗಿ ಸುತ್ತತೊಡಗಿದರು.